ಮುಟ್ಟದೆ ಸವರಿದ ಕೈ

ಪಪ್ಪಾ,

ಹಳೆಯ ಪುಸ್ತಕ ನೋಡಿ ನೀವು ಕಲಿತ ಮೆಸ್ಮರಿಸಂ ಚಿಕಿತ್ಸೆಯನ್ನು ಬೂಟಾಟಿಕೆ ಎಂದು ಆಡಿಕೊಳ್ಳುತ್ತಿದ್ದ ನಾನು ಇವತ್ತು ಅದನ್ನೇ ಮಾಡಿಬಿಟ್ಟೆ. ಅಬುಧಾಬಿಯ ನಮ್ಮ ವಾರ್ಡಿನಲ್ಲಿ ಭಟ್ಕಳದ ಮಜೀದಾ ಎಂಬವರು ಮಾತ್ರೆ ಕೊಟ್ಟ ಮೇಲೂ ಬೆನ್ನುನೋವಿಗೆ ನರಳುತ್ತಿದ್ದರು. ಯಾಕೋ, ನಿಮ್ಮ ಹಾಗೆಯೇ ಅವರ ತಲೆಯಿಂದ ಪಾದದವರೆಗೆ, ಮೈ ಮುಟ್ಟದೆ, ಗಾಳಿಯಲ್ಲಿ ಮೆಲ್ಲಗೆ ಕೈಯಾಡಿಸಿದೆ. ಅವರಿಗೆ ನಿದ್ದೆ ಹತ್ತಿತು. ಎದ್ದ ಮೇಲೆ, "ಎಂತ ಮಾಡಿದ್ರಿ ಸಿಸ್ಟರ್? ನೋವು ಖಲಾಸ್!" ಎಂದರು. ಮಾತ್ರೆಯೋ, ಕೈಯೋ, ನನಗೊಂದೂ ತಿಳಿಯುತ್ತಿಲ್ಲ.

ಕೊನೆಯ ದಿನ ನಿಮ್ಮ ಕೈಗಳೂ ಹಾಗೆಯೇ ಗಾಳಿಯಲ್ಲಿ ಆಡುತ್ತಿದ್ದವು, ನಿಮ್ಮ ಮಂಚಕ್ಕೆ ಒರಗಿ ಕೂತಿದ್ದ ನನ್ನ ತಲೆಯ ಮೇಲೆ. ಜ್ವರದ ಸನ್ನಿ ಎಂದುಕೊಂಡು ಅವನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದವಳು ನಾನೇ.

ಅವತ್ತು ನನಗೆ ತಲೆಸಿಡಿತ, ಪಪ್ಪಾ. ನಿಮಗೆ ಹೇಳಿಯೂ ಇದ್ದೆ.