ಮೊದಲ ಮೀನು

ಕಾಕಾ,

ಇವತ್ತು ಬೆಳಿಗ್ಗೆ ಠಾಣಾ ಕುಶನೂರಿನ ನಮ್ಮ ಹೊಂಡಕ್ಕೆ ಈ ವರ್ಷದ ಮೊದಲ ಬಲೆ ಹಾಕಿದೆ. ನೀವು ಹೋದ ಮೇಲೆ ಇದು ಮೂರನೇ ಸಲ. ಮೊದಲು ಸಿಕ್ಕಿದ್ದು ಮೊಳದುದ್ದದ ಮಾಂಗೂರ, ಅದೇ ಮೀಸೆ ಮೀನು. ಹೊಟ್ಟೆ ತುಂಬ ತತ್ತಿ ಇತ್ತು.

ಮೊದಲ ಮೀನನ್ನು ನೀರಿಗೇ ಮರಳಿಸಬೇಕು ಎಂದು ಕಲಿಸಿದವರು ನೀವು. ಕಳೆದ ಎರಡು ವರ್ಷವೂ ಮೊದಲು ಬಂದದ್ದು ಮಾಂಗೂರವೇ, ಎರಡು ಸಲವೂ ಕೈಮುಗಿದು ಬಿಟ್ಟೆ. ಇವತ್ತು ಔರಾದಿನ ಮೀನುಗಾರಿಕೆ ಇಲಾಖೆಯ ಸಾಹೇಬರು ದಂಡೆಯ ಮೇಲಿದ್ದರು.

"ಬಿಡಬ್ಯಾಡ್ರಿ ಅದನ್ನ. ಹೊರದೇಶದ್ದದ. ನಿಮ್ಮ ಸಣ್ಣ ಮೀನೆಲ್ಲಾ ಇದೇ ತಿಂದು ಖಾಲಿ ಮಾಡ್ಯದ," ಎಂದರು.

ಪಕ್ಕದಲ್ಲಿ ನಿಂತಿದ್ದ ಕಾಕಿ, "ನಿನ್ನ ಕಾಕಾ ಇದ್ದಿದ್ರ ಬಿಡ್ತಿದ್ರು," ಎಂದರು.

ಇಬ್ಬರು ಹೇಳಿದ್ದೂ ನಿಜ. ಮೀನು ಕೈಯಲ್ಲಿ ಒದ್ದಾಡುತ್ತಿತ್ತು.

ನಿಮ್ಮ ಕೊನೆಯ ಬೇಸಿಗೆಯಲ್ಲಿ ಒಮ್ಮೆ ಕೇಳಿದ್ದಿರಿ: "ಈ ಮೀಸಿ ಮೀನು ನಮ್ಮ ಹೊಂಡಕ್ಕ ಎಲ್ಲಿಂದ ಬಂತೋ ತಮ್ಮಾ?"

"ಮಳಿ ನೀರಾಗ ಬಂದಿರಬೇಕ್ರಿ," ಎಂದೆ. ಭಾಲ್ಕಿಯಿಂದ ನಾನು ಇದೇ ಮೀನಿನ ಮರಿ ತುಂಬಿಸಿಕೊಂಡು ಬಂದಿದ್ದ ನೀಲಿ ಕೊಡ ಆಗ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ನೀವು ಅದನ್ನೊಮ್ಮೆ ನೋಡಿದಿರಿ, ಮತ್ತೆ ಕೇಳಲಿಲ್ಲ.

ಇವತ್ತಿನ ಮೀನನ್ನು ಅದೇ ಕೊಡದಲ್ಲಿ ಹಾಕಿ ಮನೆಗೆ ತಂದಿದ್ದೇನೆ. ಇನ್ನೂ ಜೀವ ಇದೆ. ಕೊಲ್ಲಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ನೀವಿದ್ದಿದ್ದರೆ ಕೇಳಬಹುದಿತ್ತು ಅಂದುಕೊಳ್ಳುತ್ತೇನೆ. ಆದರೆ ಇದ್ದಾಗ ಕೇಳಿದವರು ನೀವು, ಮಳೆ ನೀರು ಎಂದವನು ನಾನು.