ಬುಟ್ಟಿ ಕಲಿಸಲು ಬಂದ ಗದ್ದೆಮ್ಮ

ರಾಯಚೂರು, ಹಾಸ್ಟೆಲ್ ರೂಮ್ ನಂ. 9
ಸೋಮವಾರ, 6 ಡಿಸೆಂಬರ್ 1982

ಪ್ರೀತಿಯ ಸರ್ವರಿ,

ಮೊದಲಿಗೆ, ಐ ಆಮ್ ಸಾರಿ. ನೀನು ಕಾಲೇಜು ಬಿಟ್ಟು ಮಾನ್ವಿಗೆ ಹೋಗಿ ಮೂರು ತಿಂಗಳಾಯಿತು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದವಳು ಈಗ ಕೆಲಸ ಬಿದ್ದಾಗ ಪೆನ್ನು ಹಿಡಿದಿದ್ದೇನೆ. ನಿನಗೆ ಬರೆಯಲು ನನಗೆ ಮುಖವಿಲ್ಲ. ಆದರೂ ಅರ್ಧ ಓದಿ ಹರಿದು ಒಲೆಗೆ ಹಾಕಬೇಡ, ಪ್ಲೀಸ್.

ವಿಷಯ ನಮ್ಮ ಬಾಸ್ಕೆಟ್‌ಬಾಲ್ ಕೋಚ್ ಗದ್ದೆಮ್ಮನದು. ಅವಳು ಇಲ್ಲಿಗೆ ಹೇಗೆ ಬಂದಳೆಂದು ಆಫೀಸಿನ ಕ್ಲಾರ್ಕ್ ಮಾರೆಪ್ಪನಿಂದ ಮೊನ್ನೆ ಗೊತ್ತಾಯಿತು. ಎಲ್ಲ ಪತ್ರ ಕನ್ನಡದಲ್ಲೇ ಇರಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತಂತೆ. ಮಾರೆಪ್ಪ ಒಂದಿಡೀ ಮಧ್ಯಾಹ್ನ ಯೋಚಿಸಿ, 'ವಿದ್ಯಾರ್ಥಿನಿಯರಿಗೆ ಬುಟ್ಟಿ ಕಲಿಸಲು ಒಬ್ಬ ತರಬೇತಿ ಶಿಕ್ಷಕಿ ಬೇಕು' ಎಂದು ಬರೆದ. ಚೆಂಡು ಬಿಟ್ಟೇಹೋಯಿತು. ಮೇಲಿನವರು ಮಾನ್ವಿಯಲ್ಲಿ ಹೆಂಗಸರಿಗೆ ತೊಗರಿ ಕಟ್ಟಿಗೆಯ ಬುಟ್ಟಿ ಹೆಣೆಯಲು ಕಲಿಸುತ್ತಿದ್ದ ಕುರ್ಡಿಯ ಗದ್ದೆಮ್ಮನನ್ನು ವರ್ಗ ಮಾಡಿ ಕಳಿಸಿದರು. ತಪ್ಪು ಗೊತ್ತಾದರೂ ನಮ್ಮ ಪ್ರಿನ್ಸಿಪಾಲರು ವಾಪಸ್ ಕಳಿಸಲಿಲ್ಲ. "ಸ್ಯಾಂಕ್ಷನ್ ಆದ ಪೋಸ್ಟ್ ರೀ ಇದು. ಒಮ್ಮೆ ತಿರುಗಿಸಿದ್ರ ನಾ ರಿಟೈರ್ ಆಗೂತನಾ ಮತ್ತ ಬರಂಗಿಲ್ಲ" ಅಂದರಂತೆ.

ಮೊದಲ ದಿನ ನಾವಿಬ್ಬರೂ ಅಲ್ಲೇ ಇದ್ದೆವಲ್ಲ. ಅವಳು ಕತ್ತು ಎತ್ತಿ ರಿಂಗ್ ನೋಡಿ, "ಯಾವಾಕಿ ಹೆಣೆದಾಳ್ರೀ ಇದನ್ನ? ತಳಾನ ಇಲ್ಲ!" ಅಂದಳು. ನೀನು ಬಿದ್ದು ಬಿದ್ದು ನಕ್ಕೆ. ನನಗೆ ನಗು ಬರಲಿಲ್ಲ. ಆರು ವರ್ಷ ಮಿಷನ್ ಹಾಸ್ಟೆಲಿನಲ್ಲಿ 'ಎಕ್ಸ್‌ಕ್ಯೂಸ್ ಮಿ' ಅನ್ನದೆ ಕೆಮ್ಮಿದವಳೂ ಅಲ್ಲ ನಾನು. ಇವಳೋ, ಸುಣ್ಣದ ಗೆರೆ ಅಳಿಸಿಹೋದ ಕಡೆ ತಂಬಾಕು ಉಗುಳಿ, "ಇಲ್ಲೀತನಕ ನಿಮ್ಮ ಗೆರಿ" ಅನ್ನುವವಳು. ಚೆಂಡು ಜಾರಿದರೆ ತನ್ನ ಎಂಜಲನ್ನು ನಮ್ಮ ಬೆರಳಿಗೆ ಹಚ್ಚಲು ಬರುವವಳು. ಛೀ, ಡಿಸ್ಗಸ್ಟಿಂಗ್! ಮೂರು ಸಲ ಸೋಪು ಹಚ್ಚಿ ತೊಳೆದರೂ ಆ ವಾಸನೆ ಅನ್ನದ ತುತ್ತಿನಲ್ಲಿ ಬರುತ್ತಿತ್ತು.

ನೀನು ಹೋದ ಮೇಲಂತೂ ಹದಿನೈದು ದಿನ ಚೆಂಡು ಮುಟ್ಟಿಸಲಿಲ್ಲ. ಕೋರ್ಟಿನ ನಡುವೆ ಕೂಡಿಸಿ ತೊಗರಿ ಕಟ್ಟಿಗೆ ಸೀಳಿಸಿದಳು. ನನ್ನ ಬೆರಳಲ್ಲಿ ರಕ್ತ ಬಂದಾಗ, "ಏನ್ ಬೇ ಇಂಗ್ಲಿಷ್, ಬೆಣ್ಣಿಲೆ ಮಾಡ್ಯಾರೇನು ನಿನ್ನ ಬೆಳ್ಳು?" ಎಂದು ಎಲ್ಲರೆದುರು ಅಂದಳು. ಅಂದಿನಿಂದ ಇಡೀ ಟೀಮಿಗೆ ನಾನು ಕರೆಮ್ಮ ಅಲ್ಲ, 'ಇಂಗ್ಲಿಷ್'. ಆಮೇಲೆ ಓಡಿಸತೊಡಗಿದಳು. ಒಬ್ಬಳು ಮುಂದಿನಿಂದ, ಒಬ್ಬಳು ಹಿಂದಿನಿಂದ, ಮತ್ತೆ ಒಬ್ಬಳು ಮುಂದಿನಿಂದ. "ಚೆಂಡು ಕೊಟ್ಟಾಕಿ ನಿಲ್ಲಬಾರದು, ಇಸಗೊಂಡಾಕಿ ಹಿಂದ ಹಾಯಬೇಕು. ನಿಂತ್ರ ಹೆಣಿಗಿ ಸಡ್ಲ ಆಕ್ಕತಿ." ಇದಕ್ಕೆ ಬಾಸ್ಕೆಟ್‌ಬಾಲ್ ಅನ್ನುತ್ತಾರಾ ಹೇಳು!

ಆ ದಿನಗಳಲ್ಲೇ ಯಾರೋ ಅವಳ ಮೇಲೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದು ಮೇಲಿನ ಆಫೀಸಿಗೆ ಪೋಸ್ಟ್ ಮಾಡಿದರು. ಉಗುಳುತ್ತಾಳೆ, ಆಟದ ರೂಲ್ಸ್ ಗೊತ್ತಿಲ್ಲ, ಓದು ಬರಹ ಬರುವುದಿಲ್ಲ ಎಂದೆಲ್ಲ ಬರೆದದ್ದು ನಿಜವೇ. ಕೊನೆಯ ಸಾಲು ಮಾತ್ರ ಹಸಿ ಸುಳ್ಳು: ಒಬ್ಬ ಹುಡುಗಿಯನ್ನು ಕಟ್ಟಿಗೆಯಿಂದ ಬಾಸುಂಡೆ ಬರುವಂತೆ ಹೊಡೆದಳಂತೆ. ಎರಡು ತಿಂಗಳು ಆ ಅರ್ಜಿಯನ್ನು ಯಾರೂ ಕೇಳಲಿಲ್ಲ.

ನವೆಂಬರ್ ಇಪ್ಪತ್ತಕ್ಕೆ ದೇವದುರ್ಗದಲ್ಲಿ ಮ್ಯಾಚ್. ಅವರ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಅವರ ಕೋಚ್ ಕೊರಳಲ್ಲಿ ಸೀಟಿ. ನಮ್ಮವಳು ಕಚ್ಚೆ ಹಾಕಿ ಕುಕ್ಕರಗಾಲಲ್ಲಿ ಕೂತಿದ್ದಳು. ಅವರು ಗೋಲು ಹಾಕಿದಾಗಲೂ "ಚಲೋ ಹಾಕಿದಿ ಬೇ!" ಎಂದು ಚಪ್ಪಾಳೆ. ರೆಫರಿ ಬಂದು ಟೈಮ್‌ಔಟ್ ಬೇಕೇ ಎಂದು ಕೇಳಿದರೆ, "ಟೈಮ್ ಎಲ್ಲಿ ಆತ್ರೀ ಸಾಹೇಬ್ರ, ಇನ್ನಾ ಬಿಸಲ ಅದಲ್ಲ!" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅರ್ಧ ಆಟಕ್ಕೆ ನಾವು ನಾಲ್ಕು, ಅವರು ಹದಿನಾರು. ಆಗ ಎದ್ದು ನಿಂತು ಕೂಗಿದಳು: "ಹೆಣೀರ್ ಬೇ!" ಹೆಣೆದೆವು, ಸರ್ವರಿ. ಯಾರನ್ನು ತಡೆಯಬೇಕೆಂದು ಅವರಿಗೆ ತಿಳಿಯಲೇ ಇಲ್ಲ. ಕೊನೆಗೆ ಅವರದು ಇಪ್ಪತ್ತೆರಡು, ನಮ್ಮದು ಇಪ್ಪತ್ತೊಂದು. ಚೆಂಡು ಗೆರೆ ದಾಟಿ ಗದ್ದೆಮ್ಮನ ಹತ್ತಿರ ಬಿತ್ತು. ತರಲು ಹೋದೆ. ನನ್ನ ಕೈ ಬೆವರಿ ಜಾರುತ್ತಿದ್ದದ್ದು ಕಂಡಿತೋ ಏನೋ, ಎರಡೂ ಕೈ ಹಿಡಿದು ಬೆರಳಿಗೆಲ್ಲ ಎಂಜಲು ಬಳಿದುಬಿಟ್ಟಳು. ಬಿಡಿಸಿಕೊಳ್ಳಲು ಟೈಮ್ ಇರಲಿಲ್ಲ. ಹಾಗೆಯೇ ಚೆಂಡನ್ನು ನಮ್ಮವರಿಗೆ ಎಸೆದು ಒಳಗೆ ಓಡಿ, ಅವರು ತಿರುಗಿ ಕೊಟ್ಟದ್ದನ್ನು ಹಿಡಿದು ರಿಂಗಿಗೆ ಎಸೆದೆ. ಚೆಂಡು ಬೆರಳಿಗೆ ಅಂಟಿ, ಬೇಕಾದಾಗಲೇ ಬಿಟ್ಟಿತು. ಗೆದ್ದೆವು.

ಗೆದ್ದದ್ದೇ ಮುಳುವಾಯಿತು. ಪೇಪರಿನಲ್ಲಿ ಸುದ್ದಿ ಬಂತು. ಬುಟ್ಟಿ ಹೆಣೆಯುವವಳು ಚೆಂಡು ಕಲಿಸುತ್ತಿರುವುದು ಹೇಗೆಂದು ಮೇಲಿನವರು ಫೈಲ್ ತೆಗೆದರು. ಫೈಲಿನಲ್ಲಿ ಆ ಅರ್ಜಿ ಸಿಕ್ಕಿತು. ಇದೇ ಹದಿನಾರಕ್ಕೆ ವಿಚಾರಣೆ. ಹೊಡೆದದ್ದು ರುಜುವಾತಾದರೆ ಕೆಲಸದಿಂದ ತೆಗೆಯುತ್ತಾರಂತೆ. ಮಾನ್ವಿಯ ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದಾರೆ, ಅಲ್ಲಿಗೂ ಹೋಗುವಂತಿಲ್ಲ.

ಶನಿವಾರ ಸಂಜೆ ಆ ನೋಟಿಸು ಹಿಡಿದು ನನ್ನ ರೂಮಿಗೇ ಬಂದಳು. "ನೀ ಇಂಗ್ಲಿಷ್ ಅಲ್ಲೇನ್ ಬೇ, ಏನ್ ಬರದಾರ ಓದಿ ಹೇಳವ್ವ." ಅರ್ಜಿಯ ಕಾಪಿಯನ್ನೂ ಪಿನ್ ಮಾಡಿದ್ದರು. ಎರಡು ಸಲ ಓದಿದೆ. ಹದಿನಾರಕ್ಕೆ ಆಫೀಸಿಗೆ ಕರೆದಿದ್ದಾರೆ ಎಂದಷ್ಟೇ ಹೇಳಿದೆ.

"ಗೆದ್ದದ್ದಕ್ಕೇನು?"

ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾರ ಹಸುರು ಸೀರಿ ಉಟಗೊಂಡು ಹೋಗ್ತೀನಿ. ಸಾಹೇಬ್ರ ಮನಿಗೆ ಒಂದು ರೊಟ್ಟಿ ಬುಟ್ಟಿನೂ ಒಯ್ತೀನಿ" ಅಂದಳು. ನನ್ನ ಕಿಟಕಿಯಿಂದಲೇ ಹೊರಗೆ ಉಗುಳಿ ಹೋದಳು. ಈಗ ತನ್ನ ರೂಮಿನಲ್ಲಿ ಕೂತು ಆ ಬುಟ್ಟಿ ಹೆಣೆಯುತ್ತಿದ್ದಾಳೆ.

ಅವಳ ಎಂಜಲು ಕಂಡರೆ ನನಗೆ ಈಗಲೂ ಹೇಸಿಗೆಯೇ. ಆದರೆ ಅವಳೆದುರು ಆಡಿದ ಈ ನನ್ನ ತಲೆ ಇದೆಯಲ್ಲ, ಅದರ ಮೇಲಿನ ಹೇಸಿಗೆಯಲ್ಲಿ ಎರಡು ದಿನದಿಂದ ಊಟ ಸೇರುತ್ತಿಲ್ಲ.

ನೀನು ಎರಡು ತಿಂಗಳು ಟೀಮಿನಲ್ಲಿದ್ದವಳು. ಗದ್ದೆಮ್ಮ ಯಾರನ್ನೂ ಹೊಡೆದಿಲ್ಲ ಎಂದು ಪ್ರಿನ್ಸಿಪಾಲರಿಗೆ ನಾಲ್ಕು ಸಾಲು ಬರೆ. ಕನ್ನಡದಲ್ಲೇ ಬರೆ.

ನಿನ್ನ,
ಕರೆಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ 'ಯಾರೋ' ಎಂದು ಬರೆದೆನಲ್ಲ, ಆ ಅರ್ಜಿ ಬರೆದವಳು ನಾನು. ಹೊಡೆಸಿಕೊಂಡ ಹುಡುಗಿ ನೀನು ಎಂದು ಬರೆದಿದ್ದೇನೆ, ಕೆಳಗೆ ನಿನ್ನ ಹೆಸರಿನಲ್ಲೇ ಸಹಿ ಹಾಕಿದ್ದೇನೆ. ಕಾಲೇಜು ಬಿಟ್ಟವಳಿಗೆ ಯಾರು ಏನು ಮಾಡುತ್ತಾರೆ ಅಂದುಕೊಂಡೆ. ಹದಿನಾರಕ್ಕೆ ನಿನ್ನನ್ನೂ ಕರೆದಿದ್ದಾರೆ. ನಿಮ್ಮ ಮನೆಗೆ ನೋಟಿಸು ಬಂದಿರಬಹುದು, ನಿಮ್ಮ ಅಬ್ಬಾ ಬೈದಿರಬಹುದು. ನಾನೇ ಹೇಳಬೇಕೆಂದು ಎರಡು ಸಲ ಪ್ರಿನ್ಸಿಪಾಲರ ಬಾಗಿಲ ತನಕ ಹೋಗಿ ತಿರುಗಿ ಬಂದೆ. ಹಾಸ್ಟೆಲ್ ಸೀಟು ಹೋದರೆ ಮಸರಕಲ್‌ನಲ್ಲಿ ಅಪ್ಪನಿಗೆ ಏನೆಂದು ಹೇಳಲಿ ಎಂಬ ಹೆದರಿಕೆ. ನಿನಗೆ ಬೇರೆ ಬರೆಯಲು ಮನಸ್ಸಿಲ್ಲದಿದ್ದರೆ ಈ ಕಾಗದವನ್ನೇ ಅವರಿಗೆ ಕಳಿಸಿಬಿಡು. ಅಕ್ಷರ ನನ್ನದೇ, ಸಹಿಯೂ ಈ ಸಲ ನನ್ನದೇ. ಹದಿನೈದರೊಳಗೆ ಮುಟ್ಟಬೇಕು. ಬೇಗ ಉತ್ತರ ಬರೆ.