ಬೀದಿಯ ನಡುವಿನ ಗೆರೆಗಳು

ಹರಿವು ಮೊದಲಾದ ತೊಂಬತ್ತೊಂದನೆಯ ವರ್ಷ, ಭಾದ್ರಪದ ಶುದ್ಧ ಬಿದಿಗೆ
(ತಮ್ಮ ಎಣಿಕೆಯಲ್ಲಿ ಕ್ರಿ.ಶ. ೨೧೬೮)
ಬಾವಿಕಟ್ಟೆ ಬಡಾವಣೆ, ಸಿರಿಯೂರು

ಸಿರಿಯೂರು ನಗರಸಭೆಯ ಮಾನ್ಯ ಸದಸ್ಯರಿಗೆ,

ಇನ್ನೂ ಹುಟ್ಟದವನೊಬ್ಬನ ನಮಸ್ಕಾರಗಳು. ತಾವು ಆಡುವ ಕನ್ನಡವನ್ನು ನಾನು ಹಳೆಯ ಪಠ್ಯಗಳಿಂದ ಕಲಿತವನು. ಅದನ್ನೇ ಮಕ್ಕಳಿಗೆ ಕಲಿಸುತ್ತ ನಿವೃತ್ತನಾದವನು. ಆದರೂ ಈ ಪತ್ರದ ಕೆಲವು ಮಾತುಗಳು ತಮಗೆ ವಿಚಿತ್ರವೆನಿಸಬಹುದು. ವಸ್ತುವೇ ತಮ್ಮ ಕಾಲದಲ್ಲಿ ಇಲ್ಲದಿರುವಾಗ ಅದರ ಹೆಸರು ಪರಿಚಿತವಾಗಿರುವುದು ಹೇಗೆ? ಕ್ಷಮೆಯಿರಲಿ. ಅಂಥ ಪದ ಬಂದಲ್ಲಿಯೇ ಅದರ ಅರ್ಥವನ್ನೂ ಹೇಳಿಬಿಡುತ್ತೇನೆ.

ಮೊದಲನೆಯದು ಹರಿವು. ಚಾಲಕರಿಲ್ಲದ ವಾಹನಗಳು ಒಂದೇ ವೇಗದಲ್ಲಿ, ಒಂದರ ಬೆನ್ನಿಗೊಂದು, ಹಗಲಿರುಳೂ ನಿಲ್ಲದೆ ಸಾಗುವುದಕ್ಕೆ ನಾವು ಹಾಗೆನ್ನುತ್ತೇವೆ. ನ್ಯಾಯವಾಗಿ ಹೇಳಬೇಕಾದುದನ್ನು ಮೊದಲು ಹೇಳುತ್ತೇನೆ: ಹರಿವಿನಲ್ಲಿ ಹೊಗೆಯಿಲ್ಲ, ಹಾರ್ನಿನ ಸದ್ದಿಲ್ಲ, ಅಪಘಾತವಂತೂ ಇಲ್ಲವೇ ಇಲ್ಲ. ಅದರ ದೋಷ ಒಂದೇ. ಅದು ನಿಲ್ಲುವುದಿಲ್ಲ. ಮನೆಗಳ ಮುಂದಿನ ಬೀದಿಗಳಲ್ಲಿಯೂ ನಿಲ್ಲುವುದಿಲ್ಲ. ನಮ್ಮ ಮೆಟ್ಟಿಲು ಇಳಿದರೆ ಮೊಳದಗಲದ ಅಂಚು, ಅದರಾಚೆ ಸೊಂಟದೆತ್ತರದ ಗಾಜಿನ ತಡೆ, ಅದರಾಚೆ ಹರಿವು. ಎದುರು ಸಾಲಿಗೆ ಹೋಗಬೇಕಾದವರು ಬಡಾವಣೆಯ ತುದಿಯವರೆಗೆ ನಡೆದು ಮೇಲ್ದಾಟು ಹತ್ತಬೇಕು. ಮೇಲ್ದಾಟೆಂದರೆ ಹರಿವಿನ ಮೇಲೆ ಕಟ್ಟಿದ ಕಡಿದಾದ ಮೆಟ್ಟಿಲುಗಳ ಸೇತುವೆ. ಕಟ್ಟಿದವರಿಗೆ ಮೊಣಕಾಲು ನೋವಿರಲಿಲ್ಲವೆಂದು ತೋರುತ್ತದೆ. ವಾಹನ ಹತ್ತಿ ಸುತ್ತಿ ಬಂದರೂ ಅದು ಇಳಿಸುವುದು ಆ ಮೇಲ್ದಾಟಿನ ಬುಡದಲ್ಲಿಯೇ. ಹೀಗಾಗಿ ಒಂದೇ ಬೀದಿಯ ಎರಡು ಸಾಲುಗಳು ಈಗ ಎರಡು ಊರುಗಳಾಗಿವೆ. ಸಂಕ್ರಾಂತಿಯ ಎಳ್ಳನ್ನು ನಮ್ಮ ಸಾಲಿನವರು ನಮ್ಮ ಸಾಲಿಗೇ ಬೀರುತ್ತೇವೆ. ಎದುರು ಸಾಲಿನ ಮಕ್ಕಳ ಹೆಸರು ನಮಗೆ ಗೊತ್ತಿಲ್ಲ. ಹಾಲಿಗೆ ಹೆಪ್ಪು ತೀರಿದರೆ ಎದುರುಮನೆಯಲ್ಲಿ ಕೇಳುತ್ತಿದ್ದರೆಂದು ನಾನು ಪಾಠ ಮಾಡಿದಾಗ ತರಗತಿಯೇ ನಕ್ಕಿತು.

ನನ್ನ ಮನೆಯ ನೇರ ಎದುರಿಗೆ, ಹತ್ತು ಮಾರು ದೂರದಲ್ಲಿ, ನನ್ನ ಅಕ್ಕ ದಾಕ್ಷಾಯಿಣಿಯ ಮನೆಯಿದೆ.

ಹರಿವನ್ನು ನಿಲ್ಲಿಸಲು ನಮ್ಮ ನಗರಸಭೆ ಎರಡೇ ಕಾರಣಗಳನ್ನು ಒಪ್ಪುತ್ತದೆ: ಮದುವೆಯ ದಿಬ್ಬಣ ಮತ್ತು ಹೆಣದ ಮೆರವಣಿಗೆ. ಅಕ್ಕ ಆ ಬೀದಿಯನ್ನು ಕಾಲಿಂದ ದಾಟಿದ್ದು ಜೀವಮಾನದಲ್ಲಿ ಒಂದೇ ಸಲ, ತನ್ನ ದಿಬ್ಬಣದ ದಿನ. ನಡುಬೀದಿಯಲ್ಲಿ ನಿಂತು, ನೆಲವನ್ನು ಬಗ್ಗಿ ಮುಟ್ಟಿ, ನನ್ನತ್ತ ತಿರುಗಿ ನೋಡಿದಳು. ಆಮೇಲೆ ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಮೇಲ್ದಾಟು ಹತ್ತಿಳಿದು ನಾನೇ ಬಾಗಿನ ಕೊಟ್ಟುಬರುತ್ತಿದ್ದೆ. ತವರಿನಿಂದ ತಮ್ಮ ತಂದ ಮೊರವನ್ನು ಅಕ್ಕ ಸೆರಗೊಡ್ಡಿ ಹಿಡಿದುಕೊಳ್ಳಬೇಕು. ಇದು ತಮಗೆ ನಾನು ವಿವರಿಸಬೇಕಾದ ಸಂಗತಿಯಲ್ಲ. ಈಗ ನನ್ನ ಮೊಣಕಾಲು ಆ ಮೆಟ್ಟಿಲುಗಳಿಗೆ ಒಪ್ಪುತ್ತಿಲ್ಲ. ಆಕೆಯವು ನನ್ನವಕ್ಕಿಂತ ಮೊದಲೇ ಸೋತಿವೆ. ಹೋದ ವರ್ಷ ತಲುಪುಬುಟ್ಟಿಯಲ್ಲಿ, ಅಂದರೆ ಸಾಮಾನು ಹೊತ್ತು ಹಾರುವ ಯಂತ್ರದಲ್ಲಿ, ಬಾಗಿನ ಕಳಿಸಿದೆ. ಬುಟ್ಟಿ ಹಾಗೆಯೇ ಹಿಂದಕ್ಕೆ ಬಂತು. ನುಡಿಗೊಳವೆಯಲ್ಲಿ, ಅಂದರೆ ತಮ್ಮ ದೂರವಾಣಿಯ ಮರಿಮಗಳಲ್ಲಿ, ಅಕ್ಕನ ದನಿ ಬಂತು: “ಲೋ ಸಿದ್ದ, ಬಾಗಿನ ಅಂದ್ರೆ ಈರುಳ್ಳಿ ಮೂಟೆ ಅಂದ್ಕೊಂಡ್ಯಾ, ಮೇಲಿಂದ ಇಳಿಸೋಕೆ? ಸೆರಗು ಒಡ್ಡಿ ನಿಂತ್ರೆ ಮುಂದೆ ತಮ್ಮ ಇರಬೇಕು ಕಣೋ. ಬುಟ್ಟಿಗೆ ನಾನು ಆಶೀರ್ವಾದ ಮಾಡ್ಲಾ?”

ಈ ವರ್ಷ ಬಾಗಿನಕ್ಕಾಗಿ ಅರೆಗಳಿಗೆ ನಿಲುಗಡೆ ಕೊಡಬೇಕೆಂದು ಕೇಳಿಕೊಂಡೆ. ವಾರ್ಡಿನ ಸದಸ್ಯೆ ಹಾಲಮ್ಮ ನನ್ನ ಶಿಷ್ಯೆ. ಮನೆಗೇ ಬಂದು, ಕಾಫಿ ಕುಡಿದು, ಲೋಟ ಕೆಳಗಿಡುತ್ತ ಹೇಳಿದಳು: “ಮೇಷ್ಟ್ರೇ, ಮದುವೆ ಇದ್ರೆ ಹೇಳಿ, ಇಲ್ಲ ಇನ್ನೊಂದಿದ್ರೆ ಹೇಳಿ, ಈಗ್ಲೇ ನಿಲ್ಲಿಸ್ತೀನಿ. ಬಾಗಿನಕ್ಕೆ ನಿಲ್ಲಿಸಿದ್ರೆ ನಾಳೆ ಸಾರಿಗೆ ಉಪ್ಪು ಬೇಕು ನಿಲ್ಲಿಸು ಅಂತಾರೆ. ಈ ಬೀದೀಲಿ ದಾಟೋರೇ ಇಲ್ವಲ್ಲ ಮೇಷ್ಟ್ರೇ!” ಇದನ್ನು ಅಕ್ಕನಿಗೆ ತಿಳಿಸಿದಾಗ ಆಕೆ ಅಂದಳು: “ಹೋಗ್ಲಿ ಬಿಡೋ. ನೀನೇ ಮೊದ್ಲು ಹೊರಡು. ಹರಿವು ನಿಲ್ಲುತ್ತೆ, ನಾನು ದಾಟ್ಕೊಂಡು ಬಂದು ಅತ್ತು, ಹಂಗೇ ತವರುಮನೆ ಅಡುಗೆಮನೇನೂ ನೋಡ್ಕೊಂಡು ಬತ್ತೀನಿ.” ಹಿರಿಯರಿಗೇ ಮೊದಲ ಮರ್ಯಾದೆ ಸಲ್ಲಬೇಕೆಂದು ನಾನು ಉತ್ತರಿಸಿದೆ. ಕೆಮ್ಮು ಬರುವವರೆಗೂ ನಕ್ಕಳು. ಎದುರು ಜಗಲಿಯಲ್ಲಿ ಆಕೆ ಕಣ್ಣೊರೆಸಿಕೊಂಡದ್ದೂ ನನಗೆ ಕಂಡಿತು.

ಇನ್ನು ತಮಗೆ ಬರೆಯುತ್ತಿರುವ ಕಾರಣ. ತಮ್ಮ ಕಾಲದಲ್ಲಿ ಈ ಮನೆಯಲ್ಲಿರುವ ಕೊಟ್ರಮ್ಮ ನನ್ನ ಮುತ್ತಜ್ಜನ ತಾಯಿ. ಈ ಬೀದಿಗೊಂದು ರಸ್ತೆಯುಬ್ಬು, ಅದರ ಪಕ್ಕದಲ್ಲಿ ಜೀಬ್ರಾ ಪಟ್ಟೆ ಬೇಕೆಂದು ತಮ್ಮ ಕಚೇರಿಗೆ ಅಲೆದು ಹಾಕಿಸಿಕೊಂಡವರು ಅವರೇ. ಬರುವ ಸೋಮವಾರದ ಸಭೆಯಲ್ಲಿ ತಾವು ಅದನ್ನು ತೆಗೆಸಲಿದ್ದೀರಿ. ಊರಿಗೆ ಗಣ್ಯರೊಬ್ಬರು ಬರುವರು, ಅವರ ಕಾರು ಕುಲುಕಬಾರದು, ಆದ್ದರಿಂದ ಉಬ್ಬನ್ನು ತಾತ್ಕಾಲಿಕವಾಗಿ ಕೆರೆದು, ಹೊಸ ಡಾಂಬರು ಎಳೆಯತಕ್ಕದ್ದು ಎಂಬುದು ತಮ್ಮ ನಿರ್ಣಯ. ಅಂದು ಕೊಟ್ರಮ್ಮ ಸಭೆಯ ಬಾಗಿಲಲ್ಲಿ ನಿಂತು ಆಡುವ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ: “ಒಂದು ಕ್ಷಣ ಕುಲುಕಲಿ ಬಿಡಿ ಸ್ವಾಮಿ! ನಾವೂ ಇಲ್ಲಿದ್ದೀವಿ ಅಂತ ಅವರಿಗೂ ಗೊತ್ತಾಗಲಿ.”

ಗಣ್ಯರು ಬಂದು ಹೋಗುವರು. ಉಬ್ಬು ಮರಳುವುದಿಲ್ಲ, ಡಾಂಬರಿನಡಿ ಹೂತ ಪಟ್ಟೆಗೆ ಯಾರೂ ಬಣ್ಣ ಬಳಿಯುವುದಿಲ್ಲ. ಆಗ ಬೀದಿಯ ಹೆಂಗಸರು ಬೆಳಗಾಗುತ್ತಲೇ ರಂಗೋಲಿಪುಡಿಯಿಂದ ತಾವೇ ಆ ಪಟ್ಟೆಗಳನ್ನು ಎಳೆಯುವರು. ಬಣ್ಣದ ಪಟ್ಟೆಯನ್ನು ಲೆಕ್ಕಿಸದ ಬೈಕಿನ ಹುಡುಗರೂ ರಂಗೋಲಿ ತುಳಿಯಲು ಹಿಂಜರಿದು ನಿಧಾನಿಸುವರು. ಎಷ್ಟೋ ವರ್ಷ ಈ ಬೀದಿಯ ದಾಟು ಉಳಿದದ್ದು ಆ ಹಿಂಜರಿಕೆಯ ಬಲದಿಂದ. ಆದರೆ ಗಾಳಿಗೆ ಹಾರುವ ಪುಡಿ ಎಷ್ಟು ಕಾಲ ತಡೆದೀತು? ವಾಹನಗಳು ಹೆಚ್ಚಿದಂತೆ ಮುದುಕರು ದಾಟುವುದನ್ನು ಬಿಟ್ಟರು, ಆಮೇಲೆ ತಾಯಂದಿರು ಮಕ್ಕಳನ್ನು ಬಿಡದಾದರು. ಕೊನೆಗೊಂದು ದಿನ, ದಾಟುವವರೇ ಇಲ್ಲದ ಬೀದಿಗೆ ದಾಟು ಏಕೆ ಎಂದು ತಮ್ಮ ಕುರ್ಚಿಗಳಲ್ಲಿ ಕುಳಿತ ಮುಂದಿನವರು ಕೇಳಿದರು. ಹಾಲಮ್ಮನ ಪ್ರಶ್ನೆಯೂ ಅದೇ. ದಾಟಲು ಬಿಡದೆ, ದಾಟುವವರಿಲ್ಲವೆಂದರೆ ಹೇಗೆ?

ನಾಳೆ ತದಿಗೆ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ರವಿಕೆ ಕಣ, ಹಸಿರು ಬಳೆ ಎಲ್ಲವನ್ನೂ ಜೋಡಿಸಿ ಇಟ್ಟಿದ್ದೇನೆ. ಅದು ನನ್ನ ಕೈಯಿಂದ ಅಕ್ಕನ ಸೆರಗಿಗೆ ಸೇರಬೇಕು. ಬೇರೇನೂ ನನಗೆ ಬೇಕಾಗಿಲ್ಲ. ಇಬ್ಬರಲ್ಲೊಬ್ಬರ ಹೆಣಕ್ಕೆ ಸಿಗುವ ದಾರಿ ನಾವಿಬ್ಬರೂ ಇರುವಾಗಲೇ ಸಿಗಲೆಂಬ ಆಸೆ ದೊಡ್ಡದೆಂದು ನನಗೆ ಅನ್ನಿಸುವುದಿಲ್ಲ.

ಬೆಳಗಿನ ಹೊತ್ತು ನಾವಿಬ್ಬರೂ ಒಂದು ಕೆಲಸ ಮಾಡುತ್ತೇವೆ. ಅಕ್ಕ ತನ್ನ ಅಂಚಿನಲ್ಲಿ ಕೊಟ್ರಮ್ಮನ ಪಟ್ಟೆಗಳನ್ನು ಎಳೆಯುತ್ತಾಳೆ. ನಾನು ನನ್ನ ಅಂಚಿನಲ್ಲಿ ಎಳೆಯುತ್ತೇನೆ. “ನಿನ್ನ ಗೆರೆ ಸೊಟ್ಟ ಕಣೋ, ಮಕ್ಕಳ ಅಕ್ಷರ ತಿದ್ದಿದ ಕೈಯಾ ಅದು?” ಎಂದು ಗದರಿಸುತ್ತಾಳೆ. ಅಳಿಸಿ ಮತ್ತೆ ಎಳೆಯುತ್ತೇನೆ. ಅವಳವಕ್ಕೆ ಎದುರಾಗಿ ನನ್ನವು ನೇರ ಬರುವವರೆಗೂ ಎಳೆಯುತ್ತೇನೆ.

ಮಾನ್ಯರೇ, ಎರಡು ಕಡೆಯ ಗೆರೆಗಳನ್ನು ನಾವು ಬರೆದಿದ್ದೇವೆ. ನಡುವಿನವು ಮಾತ್ರ ನಮ್ಮ ಕೈಗೆ ಎಟಕುವುದಿಲ್ಲ. ಸೋಮವಾರ ತಾವು ಅವನ್ನು ಅಳಿಸದೆ ಉಳಿಸಿಕೊಡಿ. ನಾಳೆ ಬೆಳಗ್ಗೆ ನಾನು ಮೊರ ಹಿಡಿದು ಅಂಚಿನಲ್ಲಿ ನಿಂತಿರುತ್ತೇನೆ. ಅಕ್ಕ ಎದುರಿನಲ್ಲಿ ಸೆರಗೊಡ್ಡಿ ನಿಂತಿರುತ್ತಾಳೆ.

ಎರಡನೇ ಅಡ್ಡರಸ್ತೆಯ ಈಚೆ ಬದಿಯಿಂದ,
ಮರುಳಸಿದ್ದಯ್ಯ
ನಿವೃತ್ತ ಕನ್ನಡ ಉಪಾಧ್ಯಾಯ